ಹೋಲಿಕೆ ಗುಂಪಿನ ದೊಡ್ಡಮ್ಮ

ನಮ್ಮ ಕಾಲೇಜಿನ ಸೇವಾ ಘಟಕ ಎಂದರೆ ನಾನು, ಒಂದು ಕಪಾಟು, ಒಂದಿಷ್ಟು ಸಲಿಕೆ ಸುತ್ತಿಗೆ. ಅಷ್ಟರಲ್ಲೇ ಹಾಯಾಗಿದ್ದೆವು. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಎಲ್ಲಾದರೂ ಗೋಡೆಗೆ ಬಣ್ಣ ಬಳಿಯುವುದು, ಚರಂಡಿ ಕೆರೆಯುವುದು, ಮೈಕೈ ಕೆಸರು ಮಾಡಿಕೊಂಡು ವಾಪಸು ಬರುವುದು. ಇದನ್ನು ಯಾರೂ ಓದು ಎಂದು ಅಪ್ಪಿತಪ್ಪಿಯೂ ಕರೆದಿರಲಿಲ್ಲ.

ಈ ವರ್ಷ ಪ್ರಾಂಶುಪಾಲರಿಗೆ ಯಾವುದೋ ಸಮ್ಮೇಳನದಲ್ಲಿ ಜ್ಞಾನೋದಯವಾಯಿತು.

"ನೋಡಿ ಮೇಡಂ, ಸೇವೆ ಬೇರೆ ಪಾಠ ಬೇರೆ ಅನ್ನೋ ಕಾಲ ಹೋಯ್ತು. ನೀವು ಮಾಡೋ ಪ್ರತಿ ಕೆಲಸಕ್ಕೂ ಒಂದೊಂದು ವಿಭಾಗ ಗಂಟು ಹಾಕ್ಬೇಕು. ಆಗಲ್ಲ ಅಂದ್ರೆ ಘಟಕ ಮುಚ್ಚೋಣ."

ಘಟಕ ಮುಚ್ಚಿದರೆ ನನ್ನ ನೌಕರಿಯೂ ಮುಚ್ಚಿದಂತೆ. ಗೋಣು ಆಡಿಸಿ ಬಂದೆ.

ಆಗ ಕೈಯಲ್ಲಿದ್ದದ್ದು ನನ್ನ ದೊಡ್ಡಮ್ಮ ಇರುವ ವೃದ್ಧಾಶ್ರಮದ ಕೆಲಸ. ಆ ಕಟ್ಟಡದಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ಭಾಗ, ಒಂದೊಂದಕ್ಕೂ ಒಂದು ಬಾಗಿಲು. ಎರಡಕ್ಕೂ ಕಡಿದಾದ ಮೆಟ್ಟಿಲು. ಗಾಲಿಕುರ್ಚಿಯವರು ಅಂಗಳಕ್ಕೆ ಇಳಿಯಬೇಕೆಂದರೆ ಯಾರಾದರೂ ಹೊತ್ತು ಇಳಿಸಬೇಕು. ಎರಡೂ ಬಾಗಿಲಿಗೆ ಮರದ ಇಳಿಜಾರು ಕೂರಿಸಿಕೊಡುತ್ತೇವೆಂದು ನಾನು ಮಾತು ಕೊಟ್ಟಿದ್ದೆ.

ದೊಡ್ಡಮ್ಮ ಡ್ರಿಲ್ ಟೀಚರ್ ಆಗಿದ್ದವಳು, ಈಗ ಗಾಲಿಕುರ್ಚಿಯವಳು. ಆಶ್ರಮದ ಬೇಲಿಯಾಚೆ ಒಂದು ಶಾಲೆಯ ಮೈದಾನ. ಸಂಜೆಯಾದರೆ ಅಲ್ಲಿ ಮಕ್ಕಳು ಓಟದ ಅಭ್ಯಾಸ ಮಾಡುತ್ತಾರೆ. ಒಳಗೆ ಕೂತ ದೊಡ್ಡಮ್ಮನಿಗೆ ಸೀಟಿ ಮಾತ್ರ ಕೇಳಿಸುತ್ತದೆ. "ಆ ಸೀಟಿ ಊದೋನಿಗೆ ಊದೋಕೇ ಬರಲ್ಲ ಕಣೆ. ಒಂದ್ಸಲ ಬೇಲಿ ಹತ್ರ ಹೋದ್ರೆ ಸಾಕು, ಅವನಿಗೆ ಬುದ್ಧಿ ಹೇಳ್ತೀನಿ," ಎಂದು ನಾನು ಹೋದಾಗಲೆಲ್ಲ ಅವಳದ್ದು ಒಂದೇ ಹಾಡು. ಅವಳಿಗೆ ಬೇರೆ ಆಸೆ ಉಳಿದಿರಲಿಲ್ಲ.

ವಿಭಾಗಗಳನ್ನು ಗಂಟು ಹಾಕಲು ಹೊರಟೆ. ಭೌತಶಾಸ್ತ್ರದವರು ಬಂದು ಕೋನ ಅಳೆದು, ತಮ್ಮತಮ್ಮಲ್ಲೇ ಜಗಳವಾಡಿ ಹೋದರು. ಸಾಹಿತ್ಯದವರು ಮೆಟ್ಟಿಲ ಮೇಲೆ ಕವಿಗೋಷ್ಠಿ ನಡೆಸಿದರು. ಸುತ್ತಿಗೆ ಹಿಡಿದವರು ಯಾರೂ ಇಲ್ಲ. ಕೊನೆಗೆ ನಮ್ಮ ಹುಡುಗರೇ ಎರಡೂ ಇಳಿಜಾರು ಸಿದ್ಧ ಮಾಡಿದಾಗ ಸಂಖ್ಯಾಶಾಸ್ತ್ರದ ಮುಖ್ಯಸ್ಥರು ಪ್ರಾಂಶುಪಾಲರನ್ನೂ ಕರೆದುಕೊಂಡು ಓಡಿ ಬಂದರು.

"ಅಯ್ಯೋ, ಎರಡೂ ಕಡೆ ಹಾಕ್ಬಿಟ್ರೆ ಉಪಯೋಗ ಆಯ್ತೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ಪೂರ್ವಕ್ಕೆ ಮಾತ್ರ ಹಾಕಿ. ಪಶ್ಚಿಮದವರು ಹೋಲಿಕೆ ಗುಂಪು. ವರ್ಷದ ಕೊನೆಗೆ ಅವರಿಗೂ ಹಾಕೋಣ."

ದೊಡ್ಡಮ್ಮ ಪಶ್ಚಿಮದವಳು. ನಾನು ಬಾಯಿ ತೆರೆದೆ. ಪ್ರಾಂಶುಪಾಲರ ಮುಖ ನೋಡಿ ಮುಚ್ಚಿದೆ. ಸುದ್ದಿ ಹೇಳಿದಾಗ ದೊಡ್ಡಮ್ಮ ಮೂಗು ಮುರಿದಳು. "ಓಟದಲ್ಲಿ ಒಬ್ಬನ ಕಾಲು ಕಟ್ಟಿ ಇನ್ನೊಬ್ಬ ಗೆದ್ದ ಅಂತಾರಾ ನಿಮ್ಮ ಕಾಲೇಜಲ್ಲಿ?"

ಆಮೇಲೆ ಅವಳು ತನ್ನ ದಾರಿ ತಾನೇ ನೋಡಿಕೊಂಡಳು. ಅಡುಗೆಮನೆಯ ಮೂಲಕ ಎರಡೂ ಭಾಗಗಳಿಗೆ ಓಡಾಟವಿದೆ. ದಿನಾ ಸಂಜೆ ಪಶ್ಚಿಮದ ಗಾಲಿಕುರ್ಚಿಗಳ ಸಾಲು ಅವಳ ಹಿಂದೆ ಅಡುಗೆಮನೆ ದಾಟಿ, ಪೂರ್ವದ ಬಾಗಿಲಿಂದ ಇಳಿದು ಬೇಲಿ ಸೇರತೊಡಗಿತು. ಪೂರ್ವದವರ ಕೋಣೆಯಲ್ಲಿ ಟಿವಿ ಇತ್ತು, ಅವರು ಅಲ್ಲಾಡಲಿಲ್ಲ. ನಾನು ಎಲ್ಲ ನೋಡಿಯೂ ನೋಡದಂತಿದ್ದೆ. ಬೇಲಿ ಹಿಡಿದು "ಮೊಣಕಾಲು ಎತ್ರೋ!" ಎಂದು ಕೂಗುವ ದೊಡ್ಡಮ್ಮನನ್ನು ಕಂಡು ನನ್ನ ಹೊಟ್ಟೆ ತಣ್ಣಗಾಗಿತ್ತು.

ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಪ್ರತಿಯೊಬ್ಬರನ್ನೂ "ಇವತ್ತು ಹೊರಗೆ ಹೋಗಿದ್ರಾ?" ಎಂದು ಕೇಳಿದರು. ಯಾವ ಬಾಗಿಲಿಂದ ಎಂದು ಯಾರೂ ಕೇಳಲಿಲ್ಲ. ಅದು ಅವರ ಪ್ರಶ್ನೆಯಲ್ಲಿರಲಿಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಮುಖ್ಯಸ್ಥರು ಫಲಿತಾಂಶ ಓದಿದರು. ಇಳಿಜಾರು ಇಲ್ಲದವರೇ ಹೆಚ್ಚು ಹೊರಗೆ ಹೋಗುತ್ತಾರೆ. ಇಳಿಜಾರಿನಿಂದ ಜನ ಸೋಮಾರಿಗಳಾಗುತ್ತಾರೆ. ಆದ್ದರಿಂದ ಪಶ್ಚಿಮಕ್ಕೆ ಹಾಕುವುದು ಬೇಡ, ಪೂರ್ವದ್ದನ್ನೂ ಬಿಚ್ಚಿ ತಂದು ಕಾಲೇಜಿನ ಪ್ರದರ್ಶನ ಕೊಠಡಿಯಲ್ಲಿ ಇಡಬೇಕು. ಚಪ್ಪಾಳೆಯೋ ಚಪ್ಪಾಳೆ. ಪ್ರಾಂಶುಪಾಲರು ನನ್ನ ಕಡೆ ತಿರುಗಿ, "ನೋಡಿದ್ರಾ, ಸೇವೆಗೆ ಪಾಠ ಸೇರಿದ್ರೆ ಎಂಥ ಸತ್ಯ ಹೊರಬರುತ್ತೆ! ನಿಮ್ಮ ಘಟಕಕ್ಕೆ ಇನ್ನು ಭಯವಿಲ್ಲ," ಎಂದರು.

ಎದ್ದು ನಿಂತು ಅಡುಗೆಮನೆಯ ದಾರಿಯ ವಿಷಯ ಹೇಳಿಬಿಟ್ಟೆ.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ಮಾಹಿತಿ ಎಲ್ಲಾ ಕೆಟ್ಟುಹೋಯ್ತು. ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅಲ್ಲೀವರೆಗೆ ಇಳಿಜಾರು ಬಿಚ್ಚಿಡಿ."

ಅಂದರೆ ನಾನು ನಿಜ ನುಂಗಿಕೊಂಡಿದ್ದರೂ ಇಳಿಜಾರು ಹೋಗುತ್ತಿತ್ತು, ಹೇಳಿದರೂ ಹೋಯಿತು. ಬಿಚ್ಚುವ ಕೆಲಸವೂ ಸೇವೆಯೇ ಆದ್ದರಿಂದ ಅದು ನನ್ನ ಘಟಕದ ಪಾಲಿಗೇ ಬಂತು.

ಸಂಜೆ ಸ್ಪ್ಯಾನರ್ ಹಿಡಿದ ವಿದ್ಯಾರ್ಥಿಗಳೊಂದಿಗೆ ಹೋದಾಗ ದೊಡ್ಡಮ್ಮ ಇಳಿಜಾರಿನ ನಡುಮಧ್ಯೆ ಗಾಲಿಕುರ್ಚಿ ನಿಲ್ಲಿಸಿ ಬ್ರೇಕ್ ಹಾಕಿಕೊಂಡಿದ್ದಳು. ಕಾಲೇಜಿನಿಂದ ಬಂದ ಫೋನ್ ಎತ್ತಿದ್ದ ಆಶ್ರಮದ ಅಡುಗೆಯವಳು ಮೊದಲೇ ಸುದ್ದಿ ಮುಟ್ಟಿಸಿದ್ದಳು.

"ಈಗ ಬಿಚ್ಚಿ ನೋಡೋಣ."

"ಅಜ್ಜಿ, ಪ್ಲೀಸ್. ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಇದೆ," ಎಂದಳು ಒಬ್ಬ ಹುಡುಗಿ.

"ನನಗೂ ಕೊಡ್ಸು ಹಾಗಾದ್ರೆ. ನಾನೂ ವರ್ಷವಿಡೀ ನಿಮ್ಮ ಪಾಠವಾಗಿದ್ದೆ."

ಅಷ್ಟರಲ್ಲಿ ಬೇಲಿಯಾಚೆ ಸೀಟಿ ಕೇಳಿಸಿತು. ದೊಡ್ಡಮ್ಮನ ಕೈ ಬ್ರೇಕಿನ ಮೇಲೆ ಹೋಯಿತು, ಮತ್ತೆ ಹಿಂದೆ ಬಂತು. ಜಾಗ ಬಿಟ್ಟು ಹೋದರೆ ಇಳಿಜಾರು ಇಲ್ಲ. ಕೂತರೆ ಮೈದಾನ ಇಲ್ಲ. ಅವಳು ಕತ್ತು ಉದ್ದ ಮಾಡಿದಳು. ಅಲ್ಲಿಂದ ಏನೂ ಕಾಣುವುದಿಲ್ಲ.

ನಾನು ಚಪ್ಪಲಿ ಬಿಟ್ಟು, ಹಲಗೆಯ ಒಂದು ಅಂಚಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತೆ.

"ನೀನು ಹೋಗು ದೊಡ್ಡಮ್ಮ. ನಾನು ಕೂತಿರ್ತೀನಿ."

"ನಿನ್ನ ಕೆಲಸ?"

"ಇದೇ."

ಅವಳು ಬ್ರೇಕ್ ಬಿಟ್ಟಳು. ನನ್ನ ಪಕ್ಕದಿಂದ ಗಾಲಿ ಜಾರಿ ಹೋಯಿತು. ಸ್ವಲ್ಪ ಹೊತ್ತಿಗೆ ಬೇಲಿ ಕಡೆಯಿಂದ ಅವಳ ಬೈಗುಳ ಶುರುವಾಯಿತು. ವಿದ್ಯಾರ್ಥಿಗಳು ಸ್ಪ್ಯಾನರ್ ಹಿಡಿದು ನಿಂತೇ ಇದ್ದರು. ಆ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಹೀಗೆ ಕೂತ್ಕೊಳ್ಳೋದು ಯಾವ ವಿಭಾಗಕ್ಕೆ ಬರುತ್ತೆ?"

"ಯಾವುದಕ್ಕೂ ಬರಲ್ಲ," ಎಂದೆ. "ಬಾ, ಕೂತ್ಕೋ."