ಬಚ್ಚಲಮನೆಯ ಬಾಣಂತಿ

ಚಂಡಮಾರುತದ ಸುದ್ದಿ ಟಿವಿಯಲ್ಲಿ ಬಂದಾಗ ಶಿವಕಾಂತಾ ಪುಣೆಯ ಗುಲ್‌ಟೇಕಡಿಯ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಕ್ಯಾರಿಬಿಯನ್ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಕೈ ಹಿಟ್ಟಿನಲ್ಲೇ ನಿಂತಿತು. ಅವಳ ತಂಗಿ ಮುಕ್ತಾ ಇದ್ದದ್ದು ಆ ಸಮುದ್ರದ ಒಂದು ಸಣ್ಣ ದ್ವೀಪದಲ್ಲಿ. ನರ್ಸ್ ಕೆಲಸಕ್ಕೆಂದು ಹೋದವಳು ಅಲ್ಲಿಯ ಶಾಲಾ ಮಾಸ್ತರ ಡೆಸ್ಮಂಡ್‌ನನ್ನು ಮದುವೆಯಾಗಿ ಅಲ್ಲಿಯವಳೇ ಆಗಿದ್ದಳು. ಈಗ ತುಂಬಿದ ಬಸುರಿ.

ಫೋನ್ ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಗಂಡ ಶಿವಪುತ್ರಪ್ಪ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿಯನ್ನು ಆಳಿನ ಕೈಗೆ ಕೊಟ್ಟು ಮನೆಯಲ್ಲೇ ಕೂತ. ಇಬ್ಬರೂ ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತರು. ಕೊನೆಗೊಂದು ಸಂಜೆ ಡೆಸ್ಮಂಡ್‌ನ ಪುಟ್ಟ ಸಂದೇಶ ಬಂತು: ಇಬ್ಬರೂ ಬದುಕಿದ್ದೇವೆ, ಮನೆಯ ಛಾವಣಿ ಹಾರಿಹೋಗಿದೆ. ಮುಂದಿನ ತಿಂಗಳು ಹೆಣ್ಣುಕೂಸು ಹುಟ್ಟಿತು.

ತಾಯಿ ಇಲ್ಲದ ಮುಕ್ತಾಳನ್ನು ಎತ್ತಿ ಆಡಿಸಿದವಳೇ ಶಿವಕಾಂತಾ. ಬಾಣಂತನ ಇನ್ಯಾರು ಮಾಡಬೇಕು? ಆದರೆ ಅವಳು ಲಿಫ್ಟಿನಲ್ಲಿ ಒಬ್ಬಳೇ ಹೋಗಲಿಕ್ಕೂ ಅಂಜುವ ಹೆಂಗಸು.

"ನಾನೂ ಬರ್ಲೇನು?" ಎಂದ ಶಿವಪುತ್ರಪ್ಪ.

"ಬ್ಯಾಡ್ರಿ. ಹಬ್ಬದ ಯಾಪಾರದ ಹೊತ್ತು. ನೀವು ಅಂಗಡಿ ನೋಡ್ರಿ," ಎಂದಳು.

ಬಾಣಂತಿಗೆ ಬೇಕಾದ ಅಂಟಿನುಂಡಿ, ಅಳ್ವಿ, ಬಜೆ, ಓಮ ಎಲ್ಲ ಕಟ್ಟಿಕೊಂಡು ಹೊರಟಳು. ಮುಂಬೈಯಿಂದ ಲಂಡನ್, ಅಲ್ಲಿಂದ ಬಾರ್ಬಡೋಸ್, ಆಮೇಲೆ ಎತ್ತಿನ ಗಾಡಿಯ ಹಾಗೆ ಕುಲುಕುವ ಸಣ್ಣ ವಿಮಾನ. ದಾರಿಯುದ್ದಕ್ಕೂ ಕುರ್ಚಿಯ ಕೈ ಬಿಡಲಿಲ್ಲ. ಕೆಳಗೆ ದ್ವೀಪ ಕಂಡಾಗ ಮೊದಲು ಅದು ಸುಟ್ಟುಹೋಗಿದೆ ಅಂದುಕೊಂಡಳು. ಗುಡ್ಡದ ಗಿಡಗಳಿಗೆ ಎಲೆಯೇ ಇರಲಿಲ್ಲ. ಮನೆಗಳ ಮೇಲೆ ಹೆಂಚಿಲ್ಲ, ತಗಡಿಲ್ಲ, ಬರೀ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಹೊಲದ ನಡುವೆ ಒಂದು ದೋಣಿ ಮಗುಚಿ ಬಿದ್ದಿತ್ತು. ಆದರೆ ಇಳಿದು ಡೆಸ್ಮಂಡ್‌ನ ಜೊತೆ ಊರೊಳಗೆ ಬಂದರೆ ಎಲ್ಲ ಕಡೆಯಿಂದ ಸುತ್ತಿಗೆಯ ಸಪ್ಪಳ. ಜನ ಮನೆ ಕಟ್ಟುತ್ತಿದ್ದರು, ಹಾಡುತ್ತಿದ್ದರು, ಅವಳನ್ನು ನೋಡಿ ಕೈ ಬೀಸುತ್ತಿದ್ದರು.

ಡೆಸ್ಮಂಡ್ ಎತ್ತರದ, ಮೆದುಮಾತಿನ ಮನುಷ್ಯ. ಮನೆಯೊಳಗೆ ಬಂದ ಮೇಲೆ ಇನ್ನೂ ಮೆತ್ತಗೆ ಹೇಳಿದ, "ಅವಳು ಒಳಗಿದ್ದಾಳೆ." ಬೆರಳು ಬಚ್ಚಲಮನೆಯ ಕಡೆ ತೋರಿಸುತ್ತಿತ್ತು.

ಸ್ನಾನ ಮಾಡುತ್ತಿದ್ದಾಳೇನೋ ಎಂದು ಶಿವಕಾಂತಾ ಕಾದಳು. ಕಾದು ಕಾದು ಬಾಗಿಲು ತಳ್ಳಿದಳು. ಕಿಟಕಿಯಿಲ್ಲದ ಇಕ್ಕಟ್ಟು ಕೋಣೆ. ನೆಲದ ಮೇಲೆ ಗಾದಿ, ಗಾದಿಯ ಮೇಲೆ ಗೋಡೆಗೆ ಒರಗಿ ಮುಕ್ತಾ, ತೊಡೆಯ ಮೇಲೆ ಕೂಸು. ಮೂಲೆಯಲ್ಲಿ ನೀರಿನ ಕ್ಯಾನು, ಬಿಸ್ಕೀಟು, ಟಾರ್ಚು. ಅಕ್ಕನನ್ನು ನೋಡಿ ಅವಳು ಅಳಲಿಲ್ಲ, ನಗಲಿಲ್ಲ.

"ಅಕ್ಕಾ, ಬಾಗಲಾ ಹಾಕು," ಎಂದಳು.

ಬಿರುಗಾಳಿಯ ಸುದ್ದಿಗಿಂತ ಆ ಮಾತಿಗೇ ಶಿವಕಾಂತಾ ಹೆಚ್ಚು ಹೆದರಿದಳು.

ಚಂಡಮಾರುತದ ದಿನ ಗಂಡ ಹೆಂಡತಿ ಇದೇ ಬಚ್ಚಲಿನಲ್ಲಿ ಅಡಗಿ ಉಳಿದಿದ್ದರು. ಡೆಸ್ಮಂಡ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. "ಛಾವಣಿ ಹೋಗೂವಾಗ ಕೂಗ್ತು ಅಕ್ಕಾ, ಎಮ್ಮಿ ಒದರಿದಂಗ," ಎಂದಳು ಮುಕ್ತಾ ಒಂದು ಮಧ್ಯಾಹ್ನ, ಕೂಸಿಗೆ ಎಣ್ಣೆ ಹಚ್ಚುತ್ತ. "ಈಗೂ ಕೇಳಸ್ತದ. ಇಲ್ಲಿದ್ರ ಸಣ್ಣಗ ಕೇಳಸ್ತದ. ಹೊರಗ ಹೋದ್ರ ಭಾಳ ದೊಡ್ಡದು." ಹೆರಿಗೆಗೆಂದು ಆಸ್ಪತ್ರೆಗೆ ಹೋಗಿಬಂದವಳು ಆಮೇಲೆ ಬಚ್ಚಲ ಹೊಸ್ತಿಲು ದಾಟಿರಲಿಲ್ಲ. ಕೂಸನ್ನು ಗಂಡನ ಕೈಗೂ ಕೊಡುತ್ತಿರಲಿಲ್ಲ.

ಶಿವಕಾಂತಾ ಅಲ್ಲೇ ಉಂಡಿ ತಿನ್ನಿಸಿದಳು, ಅಲ್ಲೇ ನೀರು ಹಾಕಿದಳು, ಬಾಗಿಲ ಹೊರಗೆ ಚಾಪೆ ಹಾಸಿ ಮಲಗಿದಳು. ತಾಡಪತ್ರಿ ಪಟಪಟ ಬಡಿದಾಗಲೆಲ್ಲ ಎದ್ದು ಕೂರುತ್ತಿದ್ದಳು. ತಂಗಿಗೆ ಧೈರ್ಯ ಹೇಳಬೇಕೆಂದು ಬಾಯಿ ತೆರೆದರೆ ತನ್ನ ದನಿಯೇ ನಡುಗುತ್ತಿತ್ತು.

ಒಂದು ಬೆಳಿಗ್ಗೆ ರೇಡಿಯೋ ಹೇಳಿತು, ಇನ್ನೊಂದು ಗಾಳಿ ಬರುತ್ತಿದೆ. ಮೊದಲಿನಷ್ಟು ದೊಡ್ಡದಲ್ಲ, ಆದರೆ ತಾಡಪತ್ರಿಯ ಕೆಳಗೆ ಯಾರೂ ಇರಬೇಡಿ. ಊರವರಿಗೆಲ್ಲ ಶಾಲೆಯ ಕಾಂಕ್ರೀಟ್ ಕಟ್ಟಡವೇ ಆಸರೆ. ಅದರ ಬೀಗದ ಕೈ ಡೆಸ್ಮಂಡ್‌ನ ಹತ್ತಿರ. "ಪಿಕಪ್ ಗಾಡಿ ಕಳಿಸುತ್ತೇನೆ, ಇವಳನ್ನು ಹೇಗಾದರೂ ಕರೆದುಕೊಂಡು ಬನ್ನಿ," ಎಂದು ಕೈ ಮುಗಿದು ಓಡಿದ.

ಮುಕ್ತಾ ಮಾತು ಕೇಳಿದ್ದೇ ಒಳಗಿನಿಂದ ಚಿಲಕ ಹಾಕಿಕೊಂಡಳು.

"ತಂಗೀ, ಬಾಗಲಾ ತಗಿಯವ್ವ. ಈ ಮನಿಗೆ ಮ್ಯಾಲ ಏನೂ ಇಲ್ಲ."

"ಬಚ್ಚಲಕ್ಕ ಸ್ಲ್ಯಾಬ್ ಅದ. ಆವತ್ತು ಇದೇ ನಮ್ಮನ್ನ ಉಳಿಸ್ತು. ನೀ ಹೋಗಕ್ಕಾ."

ಶಿವಕಾಂತಾ ಬೈದಳು. ಬೇಡಿಕೊಂಡಳು. ಕೂಸಿನ ಆಣೆ ಹಾಕಿದಳು. ಪಿಕಪ್ ಬಂದು ಹಾರ್ನ್ ಹೊಡೆಯಿತು. ಸಮುದ್ರದ ಕಡೆಯ ಆಕಾಶ ಕಾಡಿಗೆ ಬಳಿದಂತಾಗಿತ್ತು. ತಾಡಪತ್ರಿಯ ಒಂದು ತುದಿ ಕಿತ್ತು ಚಾಟಿಯ ಹಾಗೆ ಗೋಡೆಗೆ ಹೊಡೆಯತೊಡಗಿತು. ಶಿವಕಾಂತಾ ಬಾಗಿಲಿಗೆ ಆತು ಕುಸಿದು ಕೂತಳು.

"ಮುಕ್ತಾ," ಎಂದಳು, "ನನಗ ಏಳಾಕ ಆಗವಲ್ದು. ಕೈಕಾಲು ನಡಗಾಕತ್ತಾವ. ಊರಾಗಿಂದ ಬಂದಾಗಿಂದ ಹೆದರೇ ಇದ್ದೀನಿ, ನಿನಗ ಹೇಳಿದ್ದಿಲ್ಲ. ಅಷ್ಟ ದೂರ ಗಾಡಿ ತನಕಾ ಒಬ್ಬಾಕಿ ನಾ ಹೋಗೂದಿಲ್ಲ. ಕೈ ಹಿಡದು ಕರಕೊಂಡ ಹೋಗು."

ಉಪಾಯ ಮಾಡಿ ಆಡಿದ ಮಾತಲ್ಲ ಅದು. ನಿಜವಾಗಿ ಅವಳಿಗೆ ಏಳಲಿಕ್ಕಾಗುತ್ತಿರಲಿಲ್ಲ.

ಒಳಗೆ ಚಿಲಕ ಸರಿಯಿತು. ಕೂಸನ್ನು ಎದೆಗೆ ಕಟ್ಟಿಕೊಂಡ ಮುಕ್ತಾ ಬಗ್ಗಿ ಅಕ್ಕನ ರಟ್ಟೆ ಹಿಡಿದಳು. "ಏಳು. ಕಣ್ಣು ಮುಚ್ಚಿಕೋ. ನಾ ಅಂದಾಗ ಕಾಲಿಡು." ಅವಳ ಕಣ್ಣೂ ಮುಚ್ಚಿಕೊಂಡೇ ಇತ್ತೋ ಏನೋ, ಇಬ್ಬರೂ ಎಡವುತ್ತ ತಡವರಿಸುತ್ತ ಗಾಡಿ ಹತ್ತಿದರು.

ಶಾಲೆಯಲ್ಲಿ ಇಡೀ ಊರು ಕೂತಿತ್ತು. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಹೊರಗೆ ಏನೇನೋ ಮುರಿಯುತ್ತಿತ್ತು, ಉರುಳುತ್ತಿತ್ತು. ಕಿಟಕಿಗೆ ಬಡಿದ ಹಲಗೆಗಳು ಉಸಿರಾಡುವ ಹಾಗೆ ಒಳಗೂ ಹೊರಗೂ ಬಾಗುತ್ತಿದ್ದವು. ಮುಕ್ತಾ ಕಿವಿ ಮುಚ್ಚಿ ಮುದುಡಿದ್ದಳು. ಆಗ ಆ ಕಡೆಯ ಮೂಲೆಯಿಂದ ಯಾರೋ ಕರೆದರು, "ನರ್ಸ್!" ಒಬ್ಬ ಮುದುಕನಿಗೆ ಉಸಿರು ಸಿಕ್ಕಿಹಾಕಿಕೊಂಡಿತ್ತು.

ಮುಕ್ತಾ ಒಂದು ಸಲ ಆ ಕಡೆ ನೋಡಿದಳು, ಒಂದು ಸಲ ಕೂಸಿನ ಕಡೆ. ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಎದ್ದಳು.

ಆ ಗಾಳಿ ನಿಲ್ಲುವವರೆಗೆ ಶಿವಕಾಂತಾ ಅಲುಗಲಿಲ್ಲ. ಹಾಲಿನ ವಾಸನೆಯ ಆ ಬಿಸಿ ಮುದ್ದೆಯನ್ನು ಅವುಚಿಕೊಂಡು, ಖಂಡೋಬಾ, ಮೈಲಾರಲಿಂಗಾ ಎಂದು ಗೊತ್ತಿದ್ದ ಹೆಸರನ್ನೆಲ್ಲ ಕರೆದಳು. ಆ ಮೂಲೆಯಲ್ಲಿ ಮುಕ್ತಾ ಮುದುಕನ ಬೆನ್ನು ತಟ್ಟುತ್ತ, ಅವನ ಉಬ್ಬಸದ ಪಂಪು ಬಾಯಿಗೆ ಹಿಡಿದು, ಮೊದಲಿನ ಗಟ್ಟಿ ದನಿಯಲ್ಲಿ ಜನರನ್ನು ಹಿಂದೆ ಸರಿಸುತ್ತಿದ್ದಳು. ಮುದುಕ ಬದುಕಿದ.

ಮರುದಿನ ಮನೆಗೆ ಹೋಗಿ ನೋಡಿದರು. ಬಚ್ಚಲು ಹಾಗೇ ನಿಂತಿತ್ತು, ಒಂದು ಬಿರುಕೂ ಇಲ್ಲ. ಆದರೆ ಹಿತ್ತಲಿನ ದೊಡ್ಡ ಹಲಸಿನಂಥ ಮರ ಅಡುಗೆಮನೆಯ ಗೋಡೆ ಒಡೆದು ಒಳಗೆ ಬಿದ್ದು, ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಮಲಗಿತ್ತು. ಒಳಗಿದ್ದರೆ ಸಾಯುತ್ತಿರಲಿಲ್ಲ, ಹೊರಗೆ ಬರಲಿಕ್ಕೂ ಆಗುತ್ತಿರಲಿಲ್ಲ. ಕೊಂಬೆಗಳ ಸಂದಿಯಿಂದ ಇಣುಕಿದರೆ ಒಳಗೆ ಮಳೆನೀರು ಗಾದಿಯನ್ನು ತೇಲಿಸಿತ್ತು. ಮುಕ್ತಾ ನೋಡುತ್ತ ನಿಂತಳು. ಆಮೇಲೆ ಕೆಸರಿನಲ್ಲೇ ಕೂತು ಅತ್ತಳು, ಅಕ್ಕ ಬಂದ ದಿನದಿಂದ ಮೊದಲ ಸಲ. ಡೆಸ್ಮಂಡ್ ಕೂಸಿಗಾಗಿ ಕೈ ಚಾಚಿದ. ಅವಳು ಕೊಟ್ಟಳು.

ಹೊರಡುವ ಮುಂಚೆ ಶಿವಕಾಂತಾ ಕೇಳಿದಳು, "ನನ್ನ ಕೂಡ ಪುಣೆಗೆ ಬಂದುಬಿಡು. ಕೂಸು ನಮ್ಮಲ್ಲಿ ಬೆಳೀಲಿ."

"ಇಲ್ಲಿ ನರ್ಸ್ ಭಾಳ ಕಡಿಮಿ ಅದಾರಕ್ಕಾ. ಹೆದರಿಕಿ ಅಲ್ಲಿಗೂ ಬರ್ತದ. ಇಲ್ಲಾದ್ರ ಎಲ್ಲಾರೂ ಹೆದರ್ತಾರ, ಕೂಡೇ ಹೆದರಬೌದು."

ಪುಣೆಗೆ ಮರಳಿದ ಶಿವಕಾಂತಾಳಿಗೆ, ಅಲ್ಲಿಯ ಬಿರುಗಾಳಿಯ ಕಾಲ ಮುಗಿಯುವ ನವೆಂಬರ್ ಕಳೆಯುವ ತನಕ ನೆಮ್ಮದಿಯ ತುತ್ತು ಇಳಿಯಲಿಲ್ಲ. ಬಂದವರು ಅಲ್ಲಿ ಹೇಗಿತ್ತು ಎಂದು ಕೇಳಿದರೆ, ಛಲೋ ಇತ್ತು, ಸಮುದ್ರ ಭಾಳ ಚಂದ ಅದ ಎಂದು ಮಾತು ಮುಗಿಸುತ್ತಿದ್ದಳು. ಡಿಸೆಂಬರಿನಲ್ಲಿ ಮುಕ್ತಾ ಫೋನ್ ಮಾಡಿದಳು. ಕೆಲಸಕ್ಕೆ ಮರಳಿದ್ದಳು. ಹೊಸ ತಗಡು ಕೂರಿಸುತ್ತಿದ್ದಾರೆ, ಕೂಸು ಆ ಗದ್ದಲದಲ್ಲೇ ಪಡಸಾಲೆಯಲ್ಲಿ ಮಲಗಿದೆ ಎಂದಳು. ಶಿವಕಾಂತಾ ನಂಬಲಿಲ್ಲ. ತೋರಿಸು ಎಂದಳು. ತೋರಿಸಿದ ಮೇಲೆಯೂ, ತಗಡಿಗೆ ಮೊಳೆ ಗಟ್ಟಿಯಾಗಿ ಹೊಡೆದಾರೋ ಇಲ್ಲೋ ಕೇಳು ಎಂದಳು.