ಡಿಕ್ಕಿಯೊಳಗಿನ ಮರಿಗಳು

ಮರಿ ಮಾರುವವನು ರಟ್ಟಿನ ಡಬ್ಬಿಯ ತಳಕ್ಕೆ ಗೋಣಿತಾಟಿನ ತುಂಡು ಹಾಸಿದ. "ಕಾಗದ ಹಾಸಬಾರದು ತಾಯಿ, ಕಾಲು ಜಾರಿ ಒಂದರ ಮೇಲೊಂದು ಬೀಳ್ತವೆ," ಎನ್ನುತ್ತಲೇ ಹಳದಿ ಕೋಳಿಮರಿಗಳನ್ನು ಮೆಲ್ಲಗೆ ಒಳಗಿಳಿಸಿದ. "ಪಕ್ಕದ ತೂತು ಮುಚ್ಚಬೇಡಿ. ಮಡಿಲಲ್ಲೇ ಇಟ್ಕೊಂಡು ಹೋಗಿ, ಅಷ್ಟು ಸಾಕು."

ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಕಾರಿನ ಕಡೆ ನಡೆದಳು. ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದವಳು ಅವಳು. ಅಲ್ಲಿ ಯಾರೂ ಅವಳನ್ನು ಬೈದವರಲ್ಲ. ಆದರೂ ಇನ್ನೊಂದು ತುತ್ತು ಬಡಿಸಿಕೊಳ್ಳುವಾಗ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಹಂಗಿನ ಅನ್ನ ಗಂಟಲಲ್ಲೇ ನಿಲ್ಲುತ್ತದೆ. ದಿಂಬಿನ ಕವರು ಹೊಲಿದು ಕೂಡಿಟ್ಟ ಹಣ ಈಗ ಈ ಡಬ್ಬಿಯೊಳಗೆ ಚಿಂವ್‌ಗುಟ್ಟುತ್ತಿತ್ತು. ಇವು ಬೆಳೆದು ಮೊಟ್ಟೆಯಿಟ್ಟರೆ ಒಂದು ಬಾಡಿಗೆ ಕೋಣೆ, ತನ್ನದೇ ಒಂದು ಒಲೆ.

ತವರಿನಿಂದ ಮರಳುತ್ತಿದ್ದ ತಮ್ಮನ ಹೆಂಡತಿ ಮುಂದಿನ ಸೀಟಿನಿಂದಲೇ ಮೂಗು ಮುಚ್ಚಿಕೊಂಡಳು. "ಅಯ್ಯೋ ಅತ್ತಿಗೆ, ಕಾರಿನೊಳಗಾ? ಈ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತೆ."

"ಮಡಿಲಲ್ಲೇ ಇಟ್ಕೋತೀನಮ್ಮ. ಹಾಗೇ ಒಯ್ಯಬೇಕಂತೆ."

"ಅವನು ಹೇಳ್ತಾನೆ. ಸೀಟು ತೊಳೆಯೋಕೆ ಅವನು ಬರ್ತಾನಾ?"

ತಮ್ಮ ನಕ್ಕ. "ಮೊಟ್ಟೆಯೊಳಗೆ ಅಷ್ಟು ದಿನ ಕಿಟಕಿ ಇಲ್ಲದೇ ಇದ್ದವಲ್ಲಕ್ಕಾ! ಡಿಕ್ಕಿಯಲ್ಲಿ ಒಂದು ತಾಸು ಇರಲಾರವಾ? ಕೊಡು ಇಲ್ಲಿ."

ತವರಿನ ಚೀಲಗಳ ನಡುವೆ ಡಬ್ಬಿ ತೂರಿಸಿ, ಉಬ್ಬಿದ ಸೂಟ್‌ಕೇಸನ್ನು ಅದಕ್ಕೆ ಒತ್ತರಿಸಿ ಡಿಕ್ಕಿಯ ಬಾಗಿಲು ಬಡಿದು ಮುಚ್ಚಿದ. ಅಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಬೆನ್ನ ಹಿಂದೆಯೇ ಮರಿಗಳ ಕೂಗು. ಮುಂದೆ ರೇಡಿಯೋದ ಹಾಡು.

ದಾರಿಯಲ್ಲಿ ಹಣ್ಣಿನ ರಸದ ಅಂಗಡಿಯ ಮುಂದೆ ಕಾರು ನಿಂತಿತು. ಸುಡುಬಿಸಿಲು. ಗಂಡ ಹೆಂಡತಿ ಇಳಿದರು. "ಬಾರಕ್ಕ, ಒಂದು ಲೋಟ ಕುಡಿ," ಎಂದ ತಮ್ಮ. ಅಕ್ಕ ಬರಲಿಲ್ಲ. ಡಿಕ್ಕಿ ತೆಗೆಯೆಂದು ಹೇಳಲು ಬಾಯಿ ತೆರೆದವಳು, ಅವರು ಒಮ್ಮೆ ಬೇಡವೆಂದದ್ದನ್ನು ಮತ್ತೆ ಕೇಳುವುದು ಹೇಗೆಂದು ಮುಚ್ಚಿಕೊಂಡಳು. ಹಿಂದೆ ಕೂಗು ಕಿವಿಗಡಚಿಕ್ಕುವಂತಿತ್ತು.

ಕಾರು ಹೊರಟ ಮೇಲೆ ಅದು ತಗ್ಗಿತು. ನಾಲ್ಕಾರು ದನಿಗಳು ಉಳಿದವು. ತಿರುವೊಂದು ಕಳೆದ ಮೇಲೆ ಎರಡೋ ಮೂರೋ.

"ಅಬ್ಬ, ಅಂತೂ ಮಲಗಿದವು," ಎಂದಳು ತಮ್ಮನ ಹೆಂಡತಿ.

ಅಕ್ಕನಿಗೆ ಆಸ್ಪತ್ರೆಯ ಮೊಗಸಾಲೆ ಕಣ್ಣಿಗೆ ಕಟ್ಟಿತು. ಗಂಡನ ಎದೆ ತಿದಿಯಂತೆ ಏಳುತ್ತಿತ್ತು. ಅವಳು ಎದ್ದು ಹೋಗಿ ನರ್ಸಿಗೆ ಒಮ್ಮೆ ಹೇಳಿದಳು. "ಕೂತಿರಮ್ಮ, ಕರೀತೀವಿ," ಎಂದರು. ಎರಡನೆಯ ಸಲ ಏಳಲಿಲ್ಲ. ದೊಡ್ಡವರನ್ನು ಎಷ್ಟು ಸಲ ಪೀಡಿಸುವುದು? ಕರೆಯುವ ಹೊತ್ತಿಗೆ ದೇವರೇ ಅವನನ್ನು ಕರೆದುಕೊಂಡಿದ್ದ.

"ನಿಲ್ಲಿಸು!"

ತಮ್ಮ ಬೆಚ್ಚಿ ಬ್ರೇಕು ಒತ್ತಿದ. ಅಕ್ಕನ ಬಾಯಿಂದ ಅಂಥ ದನಿ ಅವನು ಕೇಳಿದ್ದೇ ಇಲ್ಲ.

ಡಿಕ್ಕಿ ತೆರೆದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಸೂಟ್‌ಕೇಸು ತೂತುಗಳನ್ನೆಲ್ಲ ಮುಚ್ಚಿತ್ತು. ಮರಿಗಳು ಒಂದೇ ಮೂಲೆಗೆ ಒತ್ತಿಕೊಂಡು ರಾಶಿಯಾಗಿದ್ದವು. ಅಕ್ಕ ಒಂದೊಂದನ್ನೇ ಎತ್ತಿದಳು. ಮೇಲಿನವುಗಳಲ್ಲಿ ಕೆಲವು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಅಡಿಯಲ್ಲಿದ್ದವುಗಳ ಕುತ್ತಿಗೆಗಳು ಅವಳ ಬೆರಳ ಮೇಲೆ ಜೋತುಬಿದ್ದವು.

"ಹೇಳಬಾರದಿತ್ತೇನಕ್ಕ?" ತಮ್ಮನ ದನಿ ಒಣಗಿತ್ತು.

"ಹೇಳಿದ್ದೆ. ನೀನು ನಕ್ಕೆ."

ಅವನು ಡಿಕ್ಕಿಯಿಂದ ಜಾಕಿನ ರಾಡು ತಂದು ರಸ್ತೆಬದಿಯ ಗಟ್ಟಿ ನೆಲವನ್ನು ಕುಕ್ಕತೊಡಗಿದ. ಸತ್ತವು ಬದುಕಿದ್ದವುಗಳಿಗಿಂತ ಹೆಚ್ಚಿದ್ದವು. ಅಕ್ಕ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು ಉಳಿದವುಗಳ ಕೊಕ್ಕು ನೆನೆಸಿದಳು. ಮಣ್ಣು ಮುಚ್ಚಿದ ಮೇಲೆ ಕಣ್ಣು ಮುಚ್ಚಿ ನಿಂತಳು. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ.

ಯಾರನ್ನೂ ಕೇಳದೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಕಿಟಕಿ ಇಷ್ಟೇ ಇಳಿಸು. ಗಾಳಿ ನೇರ ಮರಿಗಳ ಮೇಲೆ ಬೀಳಬಾರದು. ತಿರುವಿನಲ್ಲಿ ನಿಧಾನ."

"ಆಯ್ತಕ್ಕ."

ಊರು ಇನ್ನೂ ದೂರವಿದ್ದಾಗ, ಅವಳ ಅಂಗೈಯಲ್ಲಿದ್ದ ಮರಿಯೊಂದು ಎರಡು ಸಲ ಕಾಲು ಚಾಚಿ ಸುಮ್ಮನಾಯಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದ ತಮ್ಮ ಕೇಳಿದ, "ನಿಲ್ಲಿಸಲಾ?"

"ಬೇಡ. ಇದು ಹೋಯ್ತು. ಉಳಿದವನ್ನು ಮನೆ ಮುಟ್ಟಿಸು."

ಮುಂದಿನ ಸೀಟಿನಿಂದ ಬಳೆ ತೊಟ್ಟ ಒಂದು ಕೈ ಹಿಂದಕ್ಕೆ ಚಾಚಿತು.

"ಅದನ್ನ ನನಗೆ ಕೊಡಿ ಅತ್ತಿಗೆ," ಎಂದಳು ತಮ್ಮನ ಹೆಂಡತಿ. "ನಿಮ್ಮ ಕೈ ಬದುಕಿರೋವಕ್ಕೆ ಇರಲಿ."

ಅಕ್ಕ ಕೊಟ್ಟಳು. ಅವಳು ಆ ತಣ್ಣಗಾಗುತ್ತಿದ್ದ ಮರಿಯನ್ನು ಬರಿಗೈಯಲ್ಲೇ ಹಿಡಿದು, ಮನೆ ಬರುವವರೆಗೂ ಮಡಿಲಿನಿಂದ ಕೆಳಗಿಡಲಿಲ್ಲ.