ಮೂರನೆಯವರ ಒಪ್ಪಿಗೆ

"ಮುಂಡೆ, ನನ್ನ ಮಿಲ್ಲಿನ ಪುಡಿಯಲ್ಲಿ ಏನಿದೆ ಅಂತ ತಿಳ್ಕೊಂಡು ನೀನೇನು ಇನ್ನೊಂದು ಮಿಲ್ ಹಾಕ್ತೀಯಾ?"

ಯಜಮಾನ ಕಾಗದವನ್ನು ಮೇಜಿನ ಮೇಲೆ ಬಡಿದ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ಚೀಲ ಹೊತ್ತು ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಕಲ್ಲುಪುಡಿ ಮಿಲ್ಲಿನ ಹೆಂಗಸರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

ಆ ನಾದಿನಿ ಈಗ ಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪುಡಿ ಸುರಿಯುವ ಯಂತ್ರದ ಬಾಯಿಗೆ ಚೀಲ ಹಿಡಿದು ಹಿಡಿದು ಅವಳ ಎದೆ ಕೆಟ್ಟಿತ್ತು. "ಆ ಪುಡಿಯಲ್ಲಿ ಏನೇನು ಬೆರೆಸ್ತಾರೆ ಅಂತ ಗೊತ್ತಾದ್ರೆ ಔಷಧಿ ಬದಲಾಯಿಸಿ ನೋಡಬಹುದು. ಇಲ್ದಿದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ," ಎಂದಿದ್ದರು ಡಾಕ್ಟರು. ತಪಾಸಣೆ ಕಚೇರಿಯವರು ಹಿಂದೊಮ್ಮೆ ಬಂದು ಪುಡಿ ಒಯ್ದು ಪರೀಕ್ಷೆ ಮಾಡಿಸಿದ್ದರು. ಆ ವರದಿಯ ನಕಲು ಕೊಡಿ ಎಂದು ಅತ್ತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಳು.

"ನೀನು ಕೇಳೋಳು, ನಾವು ಕೊಡೋರು, ಮಿಲ್ಲಿನವರು ಮೂರನೆಯವರು," ಎಂದಿದ್ದ ಅಧಿಕಾರಿ. "ಅದರಲ್ಲಿ ಅವರ ಗುಟ್ಟು ಇರಬಹುದು. ನೋಟಿಸ್ ಕಳಿಸ್ತೀವಿ. ಹತ್ತು ದಿನದೊಳಗೆ ಅವರು ಏನೂ ಹೇಳದಿದ್ರೆ ನಿನಗೆ ಸಿಗುತ್ತೆ."

ಅರ್ಜಿ ಬರೆದುಕೊಟ್ಟವನು ಎರಡೇ ಸಾಲು ಸಾಕು ಎಂದಿದ್ದ. ಇವಳೇ ಹಟ ಹಿಡಿದು, ಅಧಿಕಾರಿಯ ಕರುಳು ಚುರ್ ಎನ್ನಲಿ ಎಂದು, ತನ್ನ ಹೆಸರು, ಕೆಲಸ, ನಾದಿನಿಯ ಕಾಯಿಲೆ ಎಲ್ಲ ಬರೆಸಿದ್ದಳು. ಕಚೇರಿಯವರು ಅದನ್ನು ಹಾಗೇ ನೋಟಿಸಿಗೆ ಪಿನ್ನು ಚುಚ್ಚಿ ಕಳಿಸಿದ್ದರು. ಯಜಮಾನನ ಗುಟ್ಟು ಕಚೇರಿಯ ಕಪಾಟಿನಲ್ಲಿ ಭದ್ರವಾಗಿತ್ತು. ಅವಳ ಮನೆಯ ಸಂಕಟ ಅವನ ಮೇಜಿನ ಮೇಲೆ ಬಿದ್ದಿತ್ತು.

"ಬೀಡಿ ಸೇದಿ ಕೆಮ್ಮೋ ಲೌಡಿಗೆ ನನ್ನ ಪುಡಿ ಕಾರಣವಾ? ನಾಳೆ ಅರ್ಜಿ ವಾಪಸ್ ತಗೊ. ಇಲ್ಲಾಂದ್ರೆ ಗೇಟಿನೊಳಗೆ ಕಾಲಿಡ್ಬೇಡ."

"ಅವಳು ಬೀಡಿ ಮುಟ್ಟಿದೋಳಲ್ಲ ಧಣಿ," ಎಂದಳು ಅತ್ತಿಗೆ. ಯಜಮಾನನ ಪಕ್ಕ ನಿಂತಿದ್ದ ಮೇಸ್ತ್ರಿ ಕಿಸಕ್ಕನೆ ನಕ್ಕ.

ಅವಳು ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ. ಕೆಲಸ ಹೋಯಿತು.

"ನನ್ನ ಸಲುವಾಗಿ ನಿನ್ನ ಹೊಟ್ಟೆ ಮೇಲೆ ಯಾಕೆ ಹೊಡ್ಕೊಂಡೆ ಅತ್ತಿಗೆ?" ಎಂದಳು ನಾದಿನಿ.

"ಬಾಯ್ಮುಚ್ಕೊಂಡು ನೀರು ಕುಡಿ. ಅವನು ನೋಟಿಸಿಗೆ ಉತ್ತರ ಕೊಡೋದೇ ಮರ್ತುಬಿಡ್ತಾನೆ ನೋಡು. ದೊಡ್ಡೋರಿಗೆ ನಮ್ಮ ನೆನಪು ಎಷ್ಟೊತ್ತಿರುತ್ತೆ?"

ಅತ್ತಿಗೆ ಮದುವೆಯಾಗಿ ಬಂದಾಗ ಈ ಹುಡುಗಿ ಇನ್ನೂ ಲಂಗ ಹಾಕುತ್ತಿದ್ದಳು. ಗಂಡ ಸತ್ತ ಮೇಲೂ ಅತ್ತಿಗೆ ತವರಿಗೆ ಹೋಗದೆ ಉಳಿದದ್ದು ಇವಳಿಗಾಗಿ. ಮಿಲ್ಲಿಗೆ ಕರೆದುಕೊಂಡು ಹೋಗಿ ಸೇರಿಸಿದವಳೂ ತಾನೇ. ಅದು ನೆನಪಾದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಗಡುವು ಮುಗಿದ ಮೇಲೆ ಕಚೇರಿಗೆ ಹೋದಳು.

"ಅವರು ಇನ್ನಷ್ಟು ಕಾಲಾವಕಾಶ ಕೇಳಿದ್ರು. ಕೊಟ್ಟಿದ್ದೀವಿ," ಎಂದ ಅಧಿಕಾರಿ.

"ಹೋದ ಸಲದ ಅರ್ಜಿಗೆ ನಾನು ದುಡ್ಡು ಕಟ್ಟೋದು ಒಂದು ದಿನ ತಡ ಮಾಡಿದ್ದಕ್ಕೆ ಅರ್ಜಿನೇ ಮುಚ್ಚಿಹಾಕಿದ್ರಲ್ಲ ಸಾರ್? ಅವತ್ತು ನನ್ನ ನಾದಿನಿ ಆಸ್ಪತ್ರೆಯಲ್ಲಿದ್ಲು."

"ಅದು ಬೇರೆ, ಇದು ಬೇರೆ."

ಮತ್ತೆ ಹೋದಾಗ ಉತ್ತರ ಬಂದಿತ್ತು. ವ್ಯಾಪಾರದ ರಹಸ್ಯ, ಕೊಡಲು ಒಪ್ಪಿಗೆ ಇಲ್ಲ.

"ಮೇಲ್ಮನವಿ ಹಾಕ್ಕೊ. ಮೂವತ್ತು ದಿನ ಟೈಮ್ ಇದೆ."

"ಯಾರಿಗಿದೆ ಸಾರ್?" ಎಂದಳು.

ಅವನು ಮುಂದಿನ ಫೈಲು ಎಳೆದುಕೊಂಡ.

ಮರುದಿನ ಬೆಳಿಗ್ಗೆ ನಾದಿನಿಯನ್ನು ಬೆನ್ನ ಮೇಲೆ ಹೊತ್ತು ಬಂದಳು. ಮಿಲ್ಲಿನ ಚೀಲಕ್ಕಿಂತ ಹಗುರಾಗಿದ್ದಳು ಹುಡುಗಿ. ದಾರಿಯಲ್ಲಿ ಅತ್ತಿಗೆಗೆ ಅಳು ಬಂದದ್ದು ಅದಕ್ಕೇ. ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅವರನ್ನ ಕೇಳಿದ್ರಲ್ಲ, ಇವಳನ್ನೂ ಒಂದು ಮಾತು ಕೇಳಿ ಸಾರ್. ಪುಡಿ ಇವಳ ಎದೆಯಲ್ಲೂ ಇದೆ."

"ಇದೇನು ಕಚೇರಿನೋ ಧರ್ಮಛತ್ರನೋ? ಎಬ್ಬಿಸೋ ಇವರನ್ನ."

ಜವಾನ ಬಂದು ನಾದಿನಿಯ ತೋಳು ಹಿಡಿದ. ಅವಳ ಉಸಿರಿನ ಸದ್ದು ಕೇಳಿ ಕೈ ಬಿಟ್ಟ. ಅಧಿಕಾರಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಫೈಲು ತಿರುವಿದ. ಮಧ್ಯಾಹ್ನ ಎಲ್ಲರೂ ಇವರನ್ನು ಸುತ್ತಿಬಳಸಿ ಊಟಕ್ಕೆ ಹೋದರು. ಬಂದು ಮತ್ತೆ ಕೆಲಸಕ್ಕೆ ಕೂತರು.

ಸಂಜೆ ಅಧಿಕಾರಿ ಬೀಗ ಹಿಡಿದು ಎದ್ದ. "ಸಾಕು ನಾಟಕ. ಎಬ್ಬಿಸು ಅವಳನ್ನ."

"ಏಳಲ್ಲ ಸಾರ್ ಅವಳು. ನೀವು ಊಟಕ್ಕೆ ಹೋದಾಗಲೇ ಹೋದ್ಲು."

ಜವಾನ ಬಾಗಿ ನಾದಿನಿಯ ಮೂಗಿನ ಬಳಿ ಬೆರಳಿಟ್ಟು ನೋಡಿ ಹಿಂದೆ ಸರಿದ.

"ಆಗಲೇ ಹೇಳೋಕೇನಾಗಿತ್ತು?" ಎಂದ ಅಧಿಕಾರಿ.

"ಹೇಳಿದ್ರೆ ಆಚೆ ಹಾಕಿಸಿರೋರು." ಅವಳು ಕೆನ್ನೆ ಒರೆಸಿಕೊಂಡಳು. "ಈಗ ಪೊಲೀಸ್ನೋರನ್ನ ಕರೀರಿ. ಸರ್ಕಾರಿ ಕಚೇರಿ ಕುರ್ಚಿಯಲ್ಲಿ ಸತ್ತೋಳು ಇವಳು, ಕೊಯ್ದು ನೋಡ್ಲೇಬೇಕು. ಒಳಗೆ ಏನಿತ್ತು ಅಂತ ಬರೀಲೇಬೇಕು. ಮಿಲ್ಲಲ್ಲಿ ಇನ್ನೂ ಎಷ್ಟೋ ಹುಡುಗೀರು ಚೀಲ ಹಿಡೀತಿದ್ದಾರೆ. ಇದಕ್ಕೆ ಯಜಮಾನನ ಒಪ್ಪಿಗೆ ಬೇಡ. ನಾನು ಒಪ್ಪಿದ್ದೀನಿ."

ಅಧಿಕಾರಿ ಬೀಗ ಹಿಡಿದು ನಿಂತೇ ಇದ್ದ. ಅತ್ತಿಗೆ ನಾದಿನಿಯ ತಣ್ಣಗಾದ ಕೈಯನ್ನು ಬಿಡಲಿಲ್ಲ.